ನೆನೆದ ಹಗ್ಗದ ಹಿಡಿತ

ಬಾವಿಯಿಂದ ನೀರು ಸೇದುವ ತೆಂಗಿನ ನಾರಿನ ಹಗ್ಗವೊಂದನ್ನು ಎಳೆಎಳೆಯಾಗಿ ಬಿಚ್ಚಿ ನೋಡಿದರೆ ಒಂದು ಸೋಜಿಗದ ಸಂಗತಿ ಕಂಡುಬರುತ್ತದೆ. ಹಗ್ಗ ಹತ್ತಾರು ಮೀಟರು ಉದ್ದವಿದ್ದರೂ ಅದರಲ್ಲಿ ಒಂದು ಮೊಳಕ್ಕಿಂತ ಉದ್ದವಾದ ನಾರು ಒಂದೂ ಇರುವುದಿಲ್ಲ. ಆ ಗಿಡ್ಡ ನಾರುಗಳನ್ನು ಯಾರೂ ಅಂಟಿಸಿಲ್ಲ, ಹೊಲಿದಿಲ್ಲ. ಹೊಸೆದು ಹುರಿ ಮಾಡಿದ್ದಾರೆ, ಅಷ್ಟೆ. ಆದರೂ ತುಂಬಿದ ಕೊಡ ಮೇಲಕ್ಕೆ ಬರುತ್ತದೆ. ಎಳೆದಷ್ಟೂ ಹುರಿ ಬಿಗಿಯುತ್ತದೆ, ಬಿಗಿದಷ್ಟೂ ನಾರುಗಳು ಒಂದನ್ನೊಂದು ಒತ್ತುತ್ತವೆ, ಒತ್ತಿದಷ್ಟೂ ಅವುಗಳ ನಡುವಿನ ಘರ್ಷಣೆ ಹೆಚ್ಚುತ್ತದೆ. ಕೊಡವನ್ನು ಎತ್ತಿ ಹಿಡಿದಿರುವುದು ಈ ಘರ್ಷಣೆಯೇ.

ಹಗ್ಗವನ್ನು ಹಿಡಿದು ಬೆಟ್ಟ ಹತ್ತುವವನ ಪ್ರಾಣವೂ ಇದೇ ಘರ್ಷಣೆಯನ್ನು ನಂಬಿದೆ. ಆದಕಾರಣ ಮಳೆ ಬಂದು ಹಗ್ಗ ನೆನೆದಾಗ ಈ ನಂಬಿಕೆಯನ್ನು ಎಷ್ಟರಮಟ್ಟಿಗೆ ಇಟ್ಟುಕೊಳ್ಳಬಹುದೆಂಬುದು ವಿಚಾರ ಮಾಡತಕ್ಕ ಪ್ರಶ್ನೆ.

ಮೊದಲು ಒಂದು ಲೆಕ್ಕವನ್ನು ನೋಡೋಣ. ನಯವಾದ ಕಂಬವೊಂದಕ್ಕೆ ಹಗ್ಗವನ್ನು ಸುತ್ತಿ, ಅದರ ಒಂದು ತುದಿಗೆ ಭಾರವನ್ನು ಕಟ್ಟಿ, ಇನ್ನೊಂದು ತುದಿಯನ್ನು ಕೈಯಲ್ಲಿ ಹಿಡಿದುಕೊಂಡಿದ್ದೇವೆಂದು ಭಾವಿಸೋಣ. ಹಗ್ಗಕ್ಕೂ ಕಂಬಕ್ಕೂ ನಡುವಿನ ಘರ್ಷಣಾಂಕ 0.3 ಆಗಿದ್ದರೆ, ಒಂದು ಸುತ್ತಿಗೆ ಕೈಯ ಬಲ ಸುಮಾರು 6.6 ಪಟ್ಟು ಭಾರವನ್ನು ತಡೆಯುತ್ತದೆ. ಎರಡನೆಯ ಸುತ್ತು ಇನ್ನೊಂದು 6.6ನ್ನು ಕೂಡಿಸುವುದಿಲ್ಲ, ಗುಣಿಸುತ್ತದೆ! ಎರಡು ಸುತ್ತಿಗೆ 43 ಪಟ್ಟು. ಮೂರು ಸುತ್ತಿಗೆ ಸುಮಾರು 285 ಪಟ್ಟು. 18ನೆಯ ಶತಮಾನದಲ್ಲಿ ಗಣಿತಜ್ಞ ಆಯ್ಲರ್ ಈ ನಿಯಮವನ್ನು ವಿವೇಚಿಸಿದನು. ಹಡಗನ್ನು ದಡದ ಗೂಟಕ್ಕೆ ಕಟ್ಟುವಾಗ ಒಬ್ಬನೇ ಮನುಷ್ಯ ಅದನ್ನು ತಡೆದು ನಿಲ್ಲಿಸುವ ಗುಟ್ಟು ಇದರಲ್ಲಿದೆ.

ಆದರೆ ಗುಣಾಕಾರಕ್ಕೆ ಇನ್ನೊಂದು ಮುಖವೂ ಉಂಟು. ಘರ್ಷಣಾಂಕ 0.3ರಿಂದ 0.2ಕ್ಕೆ ಇಳಿಯಿತೆಂದು ಇಟ್ಟುಕೊಳ್ಳಿ. ಇಳಿದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಆದರೆ ಮೂರು ಸುತ್ತಿನ ಹಿಡಿತ 285 ಪಟ್ಟಿನಿಂದ 43 ಪಟ್ಟಿಗೆ ಕುಸಿಯುತ್ತದೆ. ಘರ್ಷಣೆಯಲ್ಲಿ ಆಗುವ ಸಣ್ಣ ಬದಲಾವಣೆ ಹಿಡಿತದಲ್ಲಿ ಎಷ್ಟು ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆಂಬುದಕ್ಕೆ ಇದು ನಿದರ್ಶನ.

ಹಗ್ಗವನ್ನೇ ಏಣಿಯಾಗಿ ಮಾಡಿಕೊಂಡು ಹತ್ತುವವರು ಈ ತತ್ತ್ವವನ್ನು ಒಂದು ಗಂಟಿನಲ್ಲಿ ಬಳಸುತ್ತಾರೆ. ಆಸ್ಟ್ರಿಯಾ ದೇಶದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ 1931ರಲ್ಲಿ ಇದನ್ನು ಪರ್ವತಾರೋಹಿಗಳಿಗೆ ಪರಿಚಯಿಸಿದನು. ಗಂಟಿಗೆ ಅವನ ಹೆಸರೇ ನಿಂತಿದೆ. ತೂಗುಬಿಟ್ಟ ದಪ್ಪ ಹಗ್ಗಕ್ಕೆ ತೆಳುವಾದ ದಾರದ ಕುಣಿಕೆಯನ್ನು ಮೂರು ಸಲ ಸುತ್ತಿ, ಅದರೊಳಗಿಂದಲೇ ಹೊರಕ್ಕೆ ತೆಗೆಯುವುದು. ಇಷ್ಟೇ ಇದರ ರಚನೆ. ಭಾರ ಬಿದ್ದಾಗ ಗಂಟು ಹಗ್ಗವನ್ನು ಕಚ್ಚಿ ಹಿಡಿಯುತ್ತದೆ. ಭಾರ ತೆಗೆದಾಗ ಸಡಿಲಗೊಂಡು ಜರುಗುತ್ತದೆ. ಇಂತಹ ಎರಡು ಗಂಟುಗಳಿರಬೇಕು: ಒಂದು ಸೊಂಟದ ಪಟ್ಟಿಗೆ, ಇನ್ನೊಂದು ಪಾದಕ್ಕೆ. ಪಾದದ ಕುಣಿಕೆಯಲ್ಲಿ ಎದ್ದುನಿಂತು ಸೊಂಟದ ಗಂಟನ್ನು ಮೇಲೆ ಸರಿಸುವುದು. ಪಟ್ಟಿಯಲ್ಲಿ ಕುಳಿತು ಪಾದದ ಗಂಟನ್ನು ಮೇಲೆ ಸರಿಸುವುದು. ಕಂಬಳಿಹುಳು ಕಡ್ಡಿಯನ್ನು ಏರುವಂತೆ ಮನುಷ್ಯನು ಹೀಗೆ ಹಗ್ಗವನ್ನು ಏರುತ್ತಾನೆ.

ಮಳೆಯಲ್ಲಿ ಈ ಗಂಟಿನ ನಡವಳಿಕೆಯನ್ನು ಕಣ್ಣಾರೆ ಕಾಣುವ ಅವಕಾಶ ಕಳೆದ ಮಳೆಗಾಲದ ಒಂದು ಶನಿವಾರ, ಭಾನುವಾರ ನಮಗೆ ಒದಗಿತು. ನಾವು ಐವರು ಗೆಳೆಯರು ರಾಮನಗರದ ಕಡೆಗೆ ಹೋಗಿದ್ದೆವು. ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವಾದ ಅಲ್ಲಿಯ ಗ್ರಾನೈಟ್ ಬಂಡೆಗಳು ಒಣಗಿದ್ದಾಗ ಪಾದವನ್ನು ಚೆನ್ನಾಗಿ ಹಿಡಿಯುತ್ತವೆ, ನೆನೆದಾಗ ಜಾರುಬಂಡೆಗಳಾಗುತ್ತವೆ. ಆದುದರಿಂದ ಬಂಡೆಯ ಗೊಡವೆ ಬಿಟ್ಟು, ಗುಡುಗಿಲ್ಲದ ಜಿಟಿಜಿಟಿ ಮಳೆಯಲ್ಲಿ ಆಲದ ಮರದ ಗಟ್ಟಿಯಾದ ಕೊಂಬೆಗೆ ಹಗ್ಗ ಕಟ್ಟಿ ಅಭ್ಯಾಸ ಮಾಡಿದೆವು. ತರಬೇತಿ ಪಡೆದ ಹಿರಿಯ ಗೆಳೆಯರೊಬ್ಬರು ನಮ್ಮ ಸಂಗಡ ಇದ್ದರು. ಹತ್ತುವವನ ಸೊಂಟಕ್ಕೆ ರಕ್ಷಣೆಗಾಗಿ ಬೇರೊಂದು ಹಗ್ಗವಿತ್ತು.

ನೆಲದ ಕೆಸರು ಮೆತ್ತಿದ ಕಡೆ ಮೂರು ಸುತ್ತಿನ ಗಂಟು ಭಾರ ಬಿದ್ದೊಡನೆ ಗೇಣುದ್ದ ಜಾರಿ, ಆಮೇಲೆ ಕಚ್ಚಿತು. ಇನ್ನೊಂದು ಸುತ್ತು ಸೇರಿಸಿದಾಗ ಜಾರುವುದು ನಿಂತಿತು. ಮೇಲಿನ ಲೆಕ್ಕವನ್ನು ನೆನೆದುಕೊಂಡರೆ ಇದರ ಕಾರಣ ತಿಳಿಯುತ್ತದೆ: ಕಡಮೆಯಾದ ಘರ್ಷಣೆಯನ್ನು ಹೆಚ್ಚಿನ ಸುತ್ತು ತುಂಬಿಕೊಟ್ಟಿತು. ಆದರೆ ಗೆಳೆಯನೊಬ್ಬನು ಸ್ವಲ್ಪ ಹೊತ್ತು ಪಟ್ಟಿಯಲ್ಲಿ ಕುಳಿತು ದಣಿವಾರಿಸಿಕೊಂಡ ಬಳಿಕ ಅದೇ ಗಂಟು ಸರಿಯಲೊಲ್ಲದು! ನೆನೆದ ದಾರ ಅಷ್ಟು ಬಿಗಿದಿತ್ತು. ಪಾದದ ಕುಣಿಕೆಯಲ್ಲಿ ಎದ್ದುನಿಂತು, ಗಂಟಿನ ಅಡ್ಡ ಎಳೆಯನ್ನು ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳಿ ಸಡಿಲಿಸುವುದನ್ನು ಹಿರಿಯರು ನೆಲದಿಂದಲೇ ಹೇಳಿಕೊಟ್ಟರು.

ಇದು ಸಾಮಾನ್ಯ ವಿಷಯವಲ್ಲ. ಪಟ್ಟಿಯಲ್ಲಿ ಕಾಲುಗಳನ್ನು ಆಡಿಸದೆ ನೇತಾಡುವವನ ರಕ್ತ ಕಾಲುಗಳಲ್ಲಿ ತಂಗಿ, ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪಬಹುದು. ಗಂಟು ಜಾರಿದರೂ ಅಪಾಯ, ಬಿಡದಿದ್ದರೂ ಅಪಾಯ.

ನೀರು ಹಗ್ಗದ ಮೇಲ್ಮೈಯನ್ನು ಮಾತ್ರ ಬದಲಾಯಿಸುವುದಿಲ್ಲ, ಅದರ ಒಳಗನ್ನೂ ಹೊಗುತ್ತದೆ. ಹತ್ತಿಯಂತಹ ಸಸ್ಯದ ನಾರು ಒದ್ದೆಯಾದಾಗ ಬಲಗೊಳ್ಳುತ್ತದೆ. ಆದರೆ ಸಸ್ಯದ ನಾರಿನ ಹಗ್ಗ ಹೆಚ್ಚು ಹಿಗ್ಗಲಾರದು. ಬೀಳುವವನ ಜಗ್ಗನ್ನು ತಾಳಲಾರದು. 1865ರಲ್ಲಿ ಆಲ್ಪ್ಸ್ ಪರ್ವತದ ಮ್ಯಾಟರ್‌ಹಾರ್ನ್ ಶಿಖರವನ್ನು ಮೊದಲು ಏರಿದ ಏಳು ಜನ ಇಳಿಯುತ್ತಿದ್ದಾಗ ಅಂತಹ ಹಗ್ಗ ಹರಿದು ನಾಲ್ವರು ಮಡಿದರು.

1935ರಲ್ಲಿ ಅಮೆರಿಕದ ರಸಾಯನಜ್ಞ ಕೆರೋದರ್ಸ್ ರೂಪಿಸಿದ ನೈಲಾನ್ ಈ ಕೊರತೆಯನ್ನು ನೀಗಿತು. ನೈಲಾನ್ ಹಗ್ಗ ಹಿಗ್ಗಿ, ಬೀಳುವವನ ಶಕ್ತಿಯನ್ನು ಹೀರಿಕೊಳ್ಳುತ್ತದೆ. ಆದರೆ ಅದರ ಉದ್ದುದ್ದ ಅಣುಸರಪಳಿಗಳನ್ನು ಒಂದಕ್ಕೊಂದು ಸೇರಿಸಿರುವ ಜಲಜನಕದ ಬಂಧಗಳಿಗೆ ನೀರೇ ಶತ್ರು. ನೀರಿನ ಅಣುಗಳು ಸರಪಳಿಗಳ ನಡುವೆ ನುಗ್ಗಿ ಆ ಬಂಧಗಳನ್ನು ತಾವು ಆಕ್ರಮಿಸುತ್ತವೆ, ಸರಪಳಿಗಳು ಜಾರಲಾರಂಭಿಸುತ್ತವೆ. ಒದ್ದೆಯಾದ ನೈಲಾನ್ ತನ್ನ ಬಲದಲ್ಲಿ ನೂರಕ್ಕೆ 10ರಿಂದ 15ರಷ್ಟನ್ನು ಕಳೆದುಕೊಳ್ಳುತ್ತದೆ. ಮೇಲಿಂದ ಮೇಲೆ ಬೀಳುವ ಜಗ್ಗುಗಳನ್ನು ತಾಳುವ ಶಕ್ತಿಯಂತೂ ಇದಕ್ಕಿಂತ ಬಹಳ ಹೆಚ್ಚಾಗಿ ಕುಗ್ಗುತ್ತದೆ. ಸಮಾಧಾನದ ಮಾತೆಂದರೆ ನೆರಳಿನಲ್ಲಿ ಗಾಳಿಗೆ ಹರಡಿ ಒಣಗಿಸಿದ ಹಗ್ಗಕ್ಕೆ ಕಳೆದ ಬಲದ ಬಹುಭಾಗ ಮರಳಿ ಬರುತ್ತದೆ. ಬಿಸಿಲಿನಲ್ಲಿ ಒಣಗಿಸಬಾರದು; ಅದರ ನೇರಳಾತೀತ ಕಿರಣಗಳು ನೈಲಾನನ್ನು ಶಿಥಿಲಗೊಳಿಸುತ್ತವೆ.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಬೆಟ್ಟ ಹತ್ತುವ ಉತ್ಸಾಹವಿದೆ. ಅದು ಸ್ತುತ್ಯವೇ ಸರಿ. ಆದರೆ ಒಣ ಹಗ್ಗದಲ್ಲಿ ಕಲಿತ ಪಾಠವನ್ನು ನೆನೆದ ಹಗ್ಗ ಒಪ್ಪಿಕೊಳ್ಳುವುದೆಂದು ತಿಳಿಯಬಾರದು. ಬಲ್ಲವರೊಬ್ಬರು ಜತೆಗಿರಲಿ, ರಕ್ಷಣೆಯ ಹಗ್ಗ ಬೇರೆ ಇರಲಿ, ಗಂಟು ಕಟ್ಟಿದೊಡನೆ ನೆಲದಿಂದ ಅಡಿಯೆತ್ತರದಲ್ಲಿಯೇ ಪೂರ್ತಿ ಭಾರ ಹಾಕಿ ಪರೀಕ್ಷಿಸಿ, ಸಿಕ್ಕಿಕೊಂಡವನನ್ನು ಇಳಿಸುವ ಬಗೆಯನ್ನು ಹತ್ತುವ ಮೊದಲೇ ಕಲಿಯಿರಿ, ಗುಡುಗು ಕೇಳಿದೊಡನೆ ಮರದ ಬುಡವನ್ನು ಬಿಟ್ಟು ಸುರಕ್ಷಿತವಾದ ಕಟ್ಟಡವನ್ನು ಸೇರಿರಿ. ಜಾರುವ ಗಂಟು ನೆಲದ ಬಳಿ ಜಾರಿದರೆ ಅದೊಂದು ಪ್ರಯೋಗ. ಎತ್ತರದಲ್ಲಿ ಜಾರಿದರೆ ಅನಾಹುತ.