ಪೊಟ್ಟಣದಲ್ಲಿ ಉಳಿಯದ ಹೆಸರು

ಮಳೆ ಹಿಂದೆಗೆದು ಇಬ್ಬನಿ ಬೀಳತೊಡಗಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹೊಲಗಳಲ್ಲಿ ಕಡಲೆಕಾಯಿ ಕೀಳುವ ಕಾಲಕ್ಕೆ ಸರಿಯಾಗಿ ಮನೆಮನೆಗೂ ನೆಗಡಿ ಕೆಮ್ಮುಗಳು ಪ್ರವೇಶಿಸುತ್ತವೆ. ದಿನಗೂಲಿಯನ್ನು ಬಿಡಲಾಗದ ಮನುಷ್ಯನು ಆಸ್ಪತ್ರೆಯ ಸಾಲಿಗೆ ಹೋಗದೆ ಮೆಡಿಕಲ್ ಶಾಪಿನ ಮುಂದೆ ನಿಂತು, ‘ನೆಗಡಿ ಜ್ವರಕ್ಕೆ ಎರಡು ಡೋಸ್ ಕೊಡಿ’ ಎಂದು ಕೇಳುವುದರಲ್ಲಿ ಅಸಹಜವಾದುದೇನೂ ಇಲ್ಲ. ಆದರೆ ಸ್ಟ್ರಿಪ್ಪಿನಿಂದ ಕತ್ತರಿಸಿ ಕಾಗದದ ಪೊಟ್ಟಣದಲ್ಲಿ ಹಾಕಿಕೊಟ್ಟ ಆ ಮಾತ್ರೆಗಳ ಹೆಸರೂ ಅವಧಿ ಮುಗಿಯುವ ತಾರೀಖೂ ಎಷ್ಟೋ ವೇಳೆ ಅಂಗಡಿಯಲ್ಲಿ ಉಳಿದ ತುಂಡಿನ ಮೇಲೆಯೇ ನಿಂತುಬಿಡುತ್ತವೆ.

ಇದರಿಂದ ಒದಗುವ ಕೇಡು ಮುಖ್ಯವಾಗಿ ಪ್ಯಾರಸಿಟಮಾಲಿನದು. ಜ್ವರಕ್ಕೆಂದು ಕೊಳ್ಳುವ 500 ಅಥವಾ 650 ಮಿಲಿಗ್ರಾಮಿನ ಮಾತ್ರೆಯಲ್ಲಿರುವುದೂ ಅದೇ. ಬೇರೊಂದು ಹೆಸರನ್ನೂ ಬಣ್ಣವನ್ನೂ ಧರಿಸಿ ಬರುವ ನೆಗಡಿಯ ಮಾತ್ರೆಯಲ್ಲಿ ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್‌ಗಳೊಡನೆ ಬಹುಮಟ್ಟಿಗೆ ಬೆರೆತಿರುವುದೂ ಅದೇ. ಎರಡನ್ನೂ ನುಂಗಿದವನಿಗೆ ಅರಿವಿಲ್ಲದೆಯೇ ಅದರ ಪ್ರಮಾಣ ಏರುತ್ತದೆ. ಆರೋಗ್ಯವಂತನಾದ ವಯಸ್ಕನಿಗೂ 24 ಗಂಟೆಗಳಲ್ಲಿ ಪ್ಯಾರಸಿಟಮಾಲ್ ಒಟ್ಟು 4 ಗ್ರಾಂ ಮೀರಕೂಡದು. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಾಲ್ಕರಿಂದ ಆರು ಗಂಟೆಗಳ ಅಂತರವಿರತಕ್ಕದ್ದು. ಮದ್ಯಪಾನಿಗಳಿಗೂ ಕೃಶರಿಗೂ ಯಕೃತ್ತಿನ ವ್ಯಾಧಿಯುಳ್ಳವರಿಗೂ ಮಿತಿ ಇನ್ನೂ ಕಡಮೆ. ಮಿತಿಮೀರಿದ ಪ್ಯಾರಸಿಟಮಾಲ್ ಮೊದಲ ದಿನ ವಿಶೇಷ ಲಕ್ಷಣವನ್ನೇನೂ ತೋರದೆ ಒಳಗೊಳಗೇ ಯಕೃತ್ತನ್ನು ಕೆಡಿಸಬಲ್ಲುದು. ಬಹುಪಾಲು ಆಂಧ್ರದ ನೆಲದಿಂದ ಆವೃತವಾದ ಪಾವಗಡದವರು ಗಡಿಯಾಚೆಯ ಅಂಗಡಿಯಲ್ಲೂ ಮಾತ್ರೆ ಕೊಳ್ಳುವವರಾದುದರಿಂದ, ಕಂಪನಿಯ ಹೆಸರನ್ನು ನೆಚ್ಚದೆ ಸ್ಟ್ರಿಪ್ಪಿನ ಮೇಲೆ ಸಣ್ಣಕ್ಷರದಲ್ಲಿರುವ ಔಷಧದ ಹೆಸರನ್ನೇ ಓದಿಸಿಕೊಳ್ಳುವುದು ಕ್ಷೇಮ. ಇಂಗ್ಲಿಷ್ ಕೂಡಿಸಿ ಓದಬಲ್ಲ ಶಾಲೆಯ ಹುಡುಗಿ ಈಗ ಯಾವ ಹಟ್ಟಿಯಲ್ಲಿಲ್ಲ?

ಕ್ಲೋರ್‌ಫೆನಿರಮೈನ್ ಮೂಗು ಸೋರುವುದನ್ನು ತಡೆಯುವುದರೊಡನೆ ಮಂಪರನ್ನೂ ತರುವುದರಿಂದ, ಶಿರಾದ ಮೂಲಕ ಪುಣೆಯ ಕಡೆಗೆ ಸಾಗುವ ಹೆದ್ದಾರಿಯಲ್ಲಿ ರಾತ್ರಿ ಲಾರಿ ನಡೆಸುವವನು ಅದನ್ನು ನುಂಗಿ ಹೊರಡುವುದು ತನಗೂ ಎದುರು ಬರುವವರಿಗೂ ಅಪಾಯ. ಫಿನೈಲೆಫ್ರಿನ್ನೋ, ರಕ್ತದೊತ್ತಡವುಳ್ಳವರಿಗೆ ಹಿತವಲ್ಲ. ಬಾಯಿಂದ ನುಂಗಿದರೆ ಅದು ಮೂಗಿನ ಕಟ್ಟನ್ನು ಬಿಡಿಸದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2024ರಲ್ಲಿ ಅದನ್ನು ಕೈಬಿಡುವ ಪ್ರಸ್ತಾಪವನ್ನೇ ಮಾಡಿದೆ. ನಮ್ಮ ಅಂಗಡಿಗಳಲ್ಲಿ ಅದರ ಪ್ರತಿಷ್ಠೆಗೆ ಕುಂದು ಬಂದಂತೆ ಕಾಣದು.

ಕ್ಲೋರ್‌ಫೆನಿರಮೈನ್, ಫಿನೈಲೆಫ್ರಿನ್ ಎರಡೂ ಕೂಡಿದ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಕೇಂದ್ರ ಔಷಧ ನಿಯಂತ್ರಕರು 2023ರ ಡಿಸೆಂಬರಿನಲ್ಲಿ ಸೂಚಿಸಿದರು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಸಿರಪ್ಪಿನಿಂದ ಮಕ್ಕಳು ಮೃತರಾದ ಮೇಲೆ, ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಸಿರಪ್ಪೇ ಕೂಡದೆಂಬ ಎಚ್ಚರಿಕೆಯೂ ಕೇಂದ್ರದಿಂದ ಬಂದಿತು. ಸಿದ್ಧರಬೆಟ್ಟದ ಮೂಲಿಕೆಗಳ ಖ್ಯಾತಿಯನ್ನು ಕೇಳುತ್ತ ಬೆಳೆದ ಕೊರಟಗೆರೆಯ ಅಜ್ಜಿಯರು ನೆಕ್ಕಿಸುವ ಜೇನುತುಪ್ಪವು ಕೆಮ್ಮನ್ನು ಸಾಕಷ್ಟು ಶಮನಗೊಳಿಸುವುದು ನಿಜ. ಆದರೆ ವರ್ಷ ತುಂಬದ ಕೂಸಿಗೆ ಅದೂ ನಿಷಿದ್ಧ.

ಇನ್ನು, ಮೈಕೈ ನೋವಿನೊಡನೆ ಬಂದ ಜ್ವರವೆಲ್ಲ ಫ್ಲೂ ಆಗಿರಬೇಕೆಂದಿಲ್ಲ. ರಾಜ್ಯ ಸರ್ಕಾರವು 2024ರಲ್ಲಿ ಸಾಂಕ್ರಾಮಿಕವೆಂದು ಘೋಷಿಸಿದ ಡೆಂಗಿಯೂ ಹಾಗೆಯೇ ಆರಂಭವಾಗುವುದು. ಆಗ ನೋವಿಗೆಂದು ನುಂಗಿದ ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್‌ಗಳು ರಕ್ತಸ್ರಾವದ ಭಯವನ್ನು ಹೆಚ್ಚಿಸುತ್ತವೆ. ಜ್ವರ ಮೂರು ದಿನ ದಾಟಿದರೆ, ಉಸಿರು ಕಟ್ಟಿದರೆ, ಒಸಡಿನಲ್ಲಿ ರಕ್ತ ಕಂಡರೆ, ನುಂಗಿದ ಮಾತ್ರೆಗಳ ಸ್ಟ್ರಿಪ್ಪನ್ನು ಕೈಯಲ್ಲಿ ಹಿಡಿದೇ ತಾಲ್ಲೂಕು ಆಸ್ಪತ್ರೆಗೆ ಹೋಗತಕ್ಕದ್ದು.