ಹೆಣ್ಣು ನವಿಲು ನೋಡುವುದು ಏನನ್ನು?

ಶಿಗ್ಗಾಂವಿ ತಾಲ್ಲೂಕಿನ ಬಂಕಾಪುರದಲ್ಲಿ ಒಂದು ಕೋಟೆ ಇದೆ. ಕೋಟೆಯೊಳಗೆ ಖಿಲಾರಿ ದನಗಳ ತಳಿ ಸಂವರ್ಧನ ಕೇಂದ್ರ, ಅದರ ಆವರಣದಲ್ಲೇ ನವಿಲುಧಾಮ. ಕಣ್ಣೆದುರೇ ಇಷ್ಟು ನವಿಲುಗಳಿದ್ದರೂ ಒಂದು ನಂಬಿಕೆ ಮಾತ್ರ ಅಳಿದಿಲ್ಲ: ಗಂಡು ನವಿಲು ಬ್ರಹ್ಮಚಾರಿ, ಅದರ ಕಣ್ಣೀರು ಕುಡಿದು ಹೆಣ್ಣು ಮೊಟ್ಟೆ ಇಡುತ್ತದೆ. 2017ರಲ್ಲಿ ರಾಜಸ್ಥಾನ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ನಿವೃತ್ತಿಯ ದಿನ ಇದನ್ನೇ ಹೇಳಿದ್ದರು. ಅದು ಶುದ್ಧ ಸುಳ್ಳು. ಕೋಳಿ ಕೂಡುವಂತೆಯೇ ನವಿಲೂ ಕೂಡುತ್ತದೆ. ಕೆಲವೇ ಕ್ಷಣದ ಕೆಲಸವಾದ್ದರಿಂದ ಕಂಡವರು ಕಡಿಮೆ.

ಮೋಡ ಕಂಡ ಖುಷಿಗೆ ಕುಣಿಯುತ್ತದೆ ಎನ್ನುವುದೂ ಅರ್ಧ ಸತ್ಯ. ಮಳೆಗಾಲ ಅದರ ಸಂತಾನದ ಕಾಲ. ಕುಣಿತ ಹೆಣ್ಣಿಗಾಗಿ, ಮೋಡಕ್ಕಾಗಿ ಅಲ್ಲ.

ಇನ್ನೊಂದು ನಂಬಿಕೆ ಓದಿದವರಲ್ಲೇ ಹೆಚ್ಚು: ಗರಿ ಬರೀ ಅಲಂಕಾರ, ಹೆಣ್ಣು ಅಂದಕ್ಕೆ ಮರುಳಾಗುತ್ತದೆ. 1982ರಲ್ಲಿ ವಿಜ್ಞಾನಿಗಳಾದ ಡಬ್ಲ್ಯು. ಡಿ. ಹ್ಯಾಮಿಲ್ಟನ್ ಮತ್ತು ಮಾರ್ಲೀನ್ ಜುಕ್ ಬೇರೆಯದೇ ಉತ್ತರ ಕೊಟ್ಟರು. ರಕ್ತದಲ್ಲಿ, ಕರುಳಲ್ಲಿ, ರೆಕ್ಕೆಯ ಸಂದಿಯಲ್ಲಿ ಪರಾವಲಂಬಿಗಳು ಹಕ್ಕಿಯನ್ನು ಸದಾ ಕಾಡುತ್ತಿರುತ್ತವೆ. ಅವು ಹೀರಿ ಉಳಿಸಿದ್ದರಲ್ಲೇ ಬಣ್ಣ, ಗರಿ, ಕುಣಿತ ಎಲ್ಲ ಆಗಬೇಕು. ರೋಗ ತಡೆಯಬಲ್ಲ ಗಂಡಿನ ಮೈ ಮಾತ್ರ ಥಳಥಳಿಸುತ್ತದೆ. ಅದನ್ನು ಆರಿಸಿದ ಹೆಣ್ಣಿನ ಮರಿಗಳಿಗೆ ಆ ತಡೆಶಕ್ತಿ ಬರುತ್ತದೆ ಎಂಬುದು ಅವರ ವಾದ. ನವಿಲಂತೂ ಮಳೆಗಾಲ ಮುಗಿಯುತ್ತಿದ್ದಂತೆ ಉದ್ದ ಗರಿಗಳನ್ನೆಲ್ಲ ಉದುರಿಸಿ ಮತ್ತೆ ಬೆಳೆಸಿಕೊಳ್ಳಬೇಕು. ಹೋದ ವರ್ಷದ ಆರೋಗ್ಯ ತೋರಿಸಿ ಈ ವರ್ಷ ಮೋಸ ಮಾಡುವಂತಿಲ್ಲ.

ಇದಕ್ಕೆ ಒಳ್ಳೆಯ ಪುರಾವೆ ಸಿಕ್ಕಿದ್ದು ನವಿಲಿನಲ್ಲಲ್ಲ, ನಮ್ಮ ನಾಟಿ ಕೋಳಿಯ ಮೂಲವಾದ ಕೆಂಪು ಕಾಡುಕೋಳಿಯಲ್ಲಿ. ಜುಕ್ ಮತ್ತು ಸಂಗಡಿಗರು ಕೆಲವು ಮರಿಗಳಿಗೆ ಜಂತುಹುಳು ತಗುಲಿಸಿ ಬೆಳೆಸಿದರು. ಆ ಹುಂಜಗಳ ಜುಟ್ಟು ಚಿಕ್ಕದಾಗಿ ಮಂಕಾಯಿತು, ಕಣ್ಣಿನ ಬಣ್ಣವೂ ಕಳೆಗುಂದಿತು. ಹೇಂಟೆಗಳು ಹುಳುವಿಲ್ಲದ ಹುಂಜದ ಕಡೆಗೇ ಹೆಚ್ಚಾಗಿ ಹೋದವು. ಸಂತೆಯಲ್ಲಿ ಹುಂಜ ಕೊಳ್ಳುವವರು ಮೊದಲು ನೋಡುವುದೂ ಜುಟ್ಟನ್ನೇ ಅಲ್ಲವೇ?

ಹಾಗಂತ ನವಿಲಿನ ಗರಿಯಲ್ಲಿ ಕಣ್ಣು ಹೆಚ್ಚಿದ್ದಷ್ಟೂ ಗೆಲುವು ಎಂದು ತೀರ್ಮಾನಿಸುವುದು ಹೊಸ ತಪ್ಪು ಕಲ್ಪನೆ. ಇಂಗ್ಲೆಂಡಿನಲ್ಲಿ ಮರಿಯನ್ ಪೆಟ್ರಿ 1991ರಲ್ಲಿ ಹಾಗೆ ಕಂಡುಕೊಂಡರು. 1994ರಲ್ಲಿ, ಗರಿಯ ಕಣ್ಣು ದೊಡ್ಡದಿದ್ದ ಗಂಡುಗಳ ಮರಿಗಳು ಚೆನ್ನಾಗಿ ಬೆಳೆದು ಹೆಚ್ಚು ಉಳಿದವು ಎಂದೂ ತೋರಿಸಿದರು. ಆದರೆ ಜಪಾನಿನಲ್ಲಿ ಮಾರಿಕೊ ತಕಾಹಾಶಿ ತಂಡ ಏಳು ವರ್ಷ ಕಾದು ನೋಡಿ, ಹೆಣ್ಣು ಗರಿಯ ವೈಭವಕ್ಕೆ ಸೋಲುವ ಸುಳಿವೇ ಇಲ್ಲ ಎಂದು 2008ರಲ್ಲಿ ಬರೆಯಿತು. ಜಗಳ ಇನ್ನೂ ಮುಗಿದಿಲ್ಲ.

ಹೆಣ್ಣಿಗೆ ಮರಿಗಳ ಲಾಭವೊಂದೇ ಮುಖ್ಯ ಎಂದೂ ಇಲ್ಲ. ಹೇನು, ನುಸಿಗಳು ಮೈಗೆ ಮೈ ತಾಗಿದರೆ ಹರಡುತ್ತವೆ. ಚೊಕ್ಕ ಗಂಡನ್ನು ಆರಿಸಿಕೊಂಡರೆ ಹೆಣ್ಣು ಅಂದೇ, ತನ್ನ ಮೈಯನ್ನೇ ಉಳಿಸಿಕೊಳ್ಳುತ್ತದೆ.