ಅಂಬಾಸಿಡರಿನ ದಾಯಾದಿ

ಮಟ್ಟಂಚೇರಿಯ ಕಾಳುಮೆಣಸಿನ ಮಂಡಿಯೊಂದರಲ್ಲಿ ಗುಮಾಸ್ತರಾಗಿರುವ ನಮ್ಮ ವಾಚಕರೊಬ್ಬರು ಕಳೆದ ವರ್ಷ ಮಳೆಗಾಲದಲ್ಲಿ ನಮ್ಮ ಕಾರ್ಯಾಲಯಕ್ಕೆ ಬಂದು, “ಫೋರ್ಟ್ ಕೊಚ್ಚಿಯ ಒಂದು ಮನೆಯ ಹಿತ್ತಿಲಲ್ಲಿ ವಿಚಿತ್ರವಾದ ಕಾರೊಂದು ಬಿದ್ದಿದೆ. ಗುಜರಿಯವನು ನಾಳೆಯೋ ನಾಡಿದ್ದೋ ಬರುತ್ತಾನಂತೆ. ತಾವು ಒಮ್ಮೆ ನೋಡಬೇಕು” ಎಂದರು. ಯಂತ್ರಗಳ ವಿಷಯದಲ್ಲಿ ನಮಗಿರುವ ಪಾಂಡಿತ್ಯವು ಎಸ್.ಎಸ್.ಎಲ್.ಸಿ.ಯ ವಿಜ್ಞಾನ ಪಾಠವನ್ನು ಮೀರಿದ್ದಲ್ಲ. ಆದರೂ ಪತ್ರಿಕೆಗೆ ಬರುವ ಮೊದಲು ಹಲವು ವರ್ಷ ಹೋಟೆಲು ನಡೆಸಿದವರಾದ್ದರಿಂದ, ಗುಜರಿಯವನು ಬರುತ್ತಾನೆಂದು ಕೇಳಿದರೆ ನಮ್ಮ ಮನಸ್ಸು ಈಗಲೂ ಒಂದು ಕ್ಷಣ ಅಳುಕುತ್ತದೆ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಹೋಗಿ ನೋಡಿದೆವು. ತೆಂಗಿನ ಗರಿಯ ಶೆಡ್ಡು, ಹರಿದ ಟಾರ್ಪಾಲು, ಅದರ ಕೆಳಗೆ ಮೊಣಕಾಲಿಗಿಂತ ತುಸುವೇ ಎತ್ತರವಾದ, ಉದ್ದ ಮೂಗಿನ, ಎರಡೇ ಆಸನಗಳ ಒಂದು ಗಾಡಿ. ಎಡಗಡೆಯ ಆಸನದಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಒಳಗೆ ಕೈ ಹಾಕಿ ಒಂದು ಹುರಿಯನ್ನು ಎಳೆಯಬೇಕು. ಎಳೆದು ತೆರೆದಾಗ ಕಾಲಿಡುವ ಜಾಗದಲ್ಲಿ ನೆಲದ ಹುಲ್ಲು ಕಾಣಿಸಿತು. ಈ ಗಾಡಿಗೆ ನೆಲವು ತಗಡಿನದಲ್ಲ, ಪ್ಲೈವುಡ್ ಹಲಗೆಯದು. ಕೊಚ್ಚಿಯ ಎಷ್ಟೋ ಮಳೆಗಾಲಗಳು ಅದನ್ನು ಮಣ್ಣಿಗೆ ಸೇರಿಸಿದ್ದವು. ಮೂಗಿನ ಮೇಲೆ ಎಂಟು ಮೂಲೆಯ ಬಿಲ್ಲೆ, ಅದರೊಳಗೆ ‘ಎಂ.ಜಿ.’ ಎಂಬ ಎರಡು ಅಕ್ಷರ. ಮನೆಯ ಯಜಮಾನನ ತಂದೆ ಇದನ್ನು ಚಹಾ ತೋಟದ ಕಂಪನಿಯೊಂದರಲ್ಲಿದ್ದ ಇಂಗ್ಲಿಷ್ ಅಧಿಕಾರಿ ಊರಿಗೆ ಮರಳುವಾಗ ಕೊಂಡಿದ್ದರಂತೆ. ಅವರ ನಂತರ ಓಡಿಸಿದವರಿಲ್ಲ. ‘ಕೆ.ಎಲ್.ಇ.’ ಎಂದು ಆರಂಭವಾಗುವ ನಂಬರಿನ ನೋಂದಣಿ ಪುಸ್ತಕವು ಮಾತ್ರ ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಭದ್ರವಾಗಿತ್ತು. ಎಲ್ಲವೂ ಹಾಳಾದ ಮನೆಯಲ್ಲಿ ಕಾಗದವೊಂದು ಉಳಿಯುವುದು ದೊಡ್ಡ ಪುಣ್ಯ.

ಎಂ.ಜಿ. ಎಂದರೆ ಮಾರಿಸ್ ಗ್ಯಾರೇಜಸ್. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಆ ಹೆಸರಿನ ಮಾರಾಟದ ಅಂಗಡಿಯ ವ್ಯವಸ್ಥಾಪಕರಾಗಿದ್ದ ಸೆಸಿಲ್ ಕಿಂಬರ್ ಎಂಬವರು ಸಾಧಾರಣ ಮಾರಿಸ್ ಕಾರುಗಳಿಗೆ ಚಂದದ ಹಗುರ ಬಾಡಿ ಕಟ್ಟಿಸಿ ಮಾರತೊಡಗಿದರು. ಅದೇ ಬೆಳೆದು ಅಬಿಂಗ್ಡನ್ ಎಂಬ ಊರಿನಲ್ಲಿ ಕಾರ್ಖಾನೆಯಾಯಿತು. ೧೯೮೦ರಲ್ಲಿ ಆ ಕಾರ್ಖಾನೆ ಮುಚ್ಚಿತು. ಇಂದು ಎಂ.ಜಿ. ಹೆಸರು ಚೀನಾ ದೇಶದ ಕಂಪನಿಯ ಕೈಯಲ್ಲಿದೆ. ೨೦೧೯ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾಗುತ್ತಿರುವ ದೊಡ್ಡ ಕಾರುಗಳ ಮೇಲೆ ಅದೇ ಎಂಟು ಮೂಲೆಯ ಬಿಲ್ಲೆಯನ್ನು ವಾಚಕರು ಎರ್ನಾಕುಳಂ ರಸ್ತೆಗಳಲ್ಲಿ ಕಂಡಿರಬಹುದು. ಫೋರ್ಟ್ ಕೊಚ್ಚಿಯಲ್ಲಿ ನಾವು ಕಂಡದ್ದು ೧೯೫೫ರಿಂದ ೧೯೬೨ರವರೆಗೆ ತಯಾರಾದ ‘ಎಂ.ಜಿ.ಎ.’ ಎಂಬ ಮಾದರಿ. ಒಟ್ಟು ೧,೦೧,೦೮೧ ಗಾಡಿಗಳು ಆದವು. ಅವುಗಳಲ್ಲಿ ಹುಟ್ಟಿದ ದೇಶದಲ್ಲೇ ಮಾರಾಟವಾದವು ಆರು ಸಾವಿರಕ್ಕೂ ಕಡಿಮೆ. ಮಿಕ್ಕವೆಲ್ಲ ಹಡಗು ಹತ್ತಿದವು. ಕುಂದಾಪುರ, ಉಡುಪಿಗಳನ್ನು ಬಿಟ್ಟು ಹೊಟ್ಟೆಪಾಡಿಗಾಗಿ ಊರೂರು ಸೇರಿದ ನಮ್ಮವರಿಗೆ ಈ ಲೆಕ್ಕವನ್ನು ವಿವರಿಸಿ ಹೇಳಬೇಕಾಗಿಲ್ಲ.

ಇಲ್ಲಿಯವರೆಗಿನದು ಶ್ರೀಮಂತರ ಹವ್ಯಾಸದ ಕಥೆಯೆಂದು ವಾಚಕರು ಪುಟ ತಿರುಗಿಸಬಾರದು. ಬಾನೆಟ್ಟನ್ನು ಎತ್ತಿದಾಗ ನಮಗೆ ಕಂಡದ್ದು ಪರಿಚಿತ ಮುಖ. ಬ್ರಿಟಿಷ್ ಮೋಟಾರ್ ಕಾರ್ಪೊರೇಶನ್ನಿನ ‘ಬಿ’ ಶ್ರೇಣಿಯ ಎಂಜಿನು. ೧,೪೮೯ ಘನ ಸೆಂಟಿಮೀಟರ್. ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಹುಟ್ಟಿದ ನಮ್ಮ ಅಂಬಾಸಿಡರಿನಲ್ಲಿ ದಶಕಗಳ ಕಾಲ ಗುಡುಗಿದ ಪೆಟ್ರೋಲ್ ಎಂಜಿನು ಇದರದೇ ಕುಲ, ಇದರದೇ ಗೋತ್ರ. ಸಿಲಿಂಡರಿನ ಅಗಲವೂ ಪಿಸ್ಟನ್ನಿನ ಓಟವೂ ಎರಡರಲ್ಲಿ ಒಂದೇ. ಅಂಬಾಸಿಡರಿಗೆ ಒಂದು ಕಾರ್ಬ್ಯುರೇಟರ್, ಸುಮಾರು ೫೦ ಅಶ್ವಶಕ್ತಿ; ಎಂ.ಜಿ.ಗೆ ಎರಡು ಕಾರ್ಬ್ಯುರೇಟರ್, ಮೊದಲು ೬೮, ಬಳಿಕ ೭೨ ಅಶ್ವಶಕ್ತಿ. ಅಂಬಾಸಿಡರ್ ಮದುವೆಯ ದಿಬ್ಬಣವನ್ನೇ ಹೊತ್ತು ಸಾಗುವ ಹಿರಿಯಣ್ಣ. ಇದು ಗಂಟೆಗೆ ೧೫೦ ಕಿಲೋಮೀಟರ್ ಮೀರಿ ಓಡಬಲ್ಲ ಕಿರಿಯ ದಾಯಾದಿ.

ಇನ್ನು ನಮ್ಮ ಅಳುಕಿನ ವಿಷಯ. ನಮ್ಮ ಹೋಟೆಲಿಗೆ ಬೆಳಗಿನ ತರಕಾರಿ, ಬಾಳೆ ಎಲೆ ತರಲು ಅಂಥದೇ ಎಂಜಿನಿನ ಒಂದು ಅಂಬಾಸಿಡರ್ ಇತ್ತು. ೨೦೧೨ರಲ್ಲಿ, ಜಾಗ ತಿನ್ನುತ್ತದೆಂಬ ಒಂದೇ ಕಾರಣಕ್ಕೆ, ಅದನ್ನು ತೂಕದ ಲೆಕ್ಕದಲ್ಲಿ ಗುಜರಿಗೆ ಕೊಟ್ಟೆವು. ಎರಡು ವರ್ಷದ ಬಳಿಕ, ೨೦೧೪ರ ಮೇ ತಿಂಗಳಲ್ಲಿ, ಬಂಗಾಳದ ಉತ್ತರಪಾಡಾ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿಕೆಯೇ ನಿಂತಿತು. ಆ ಗಾಡಿಯನ್ನು ಲಾರಿಗೆ ಹಾಕುವಾಗ ನಮ್ಮ ಅಡಿಗೆಯ ಭಟ್ಟರು ಹಿತ್ತಿಲ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದರು. ಒಂದು ಮಾತನ್ನೂ ಆಡಲಿಲ್ಲ.

ಫೋರ್ಟ್ ಕೊಚ್ಚಿಯ ಯಜಮಾನರನ್ನು ನಾವೂ ಗುಮಾಸ್ತ ಮಿತ್ರರೂ ಒಪ್ಪಿಸಿ, ಗುಜರಿಯವನನ್ನು ಬರಿಗೈಯಲ್ಲಿ ಕಳುಹಿಸಿದೆವು. ಆದರೆ ಅಂಥ ಕೆಲಸ ಬಲ್ಲ ಕೈಯನ್ನು ಎರ್ನಾಕುಳದಲ್ಲಿ ಹುಡುಕಿ ಸೋತೆವು. ಕೊನೆಗೆ ಸುಳಿವು ಸಿಕ್ಕಿದ್ದು ತಿರುವನಂತಪುರದಲ್ಲಿ: ಕರಮನದ ಹತ್ತಿರ, ಹಿಂದೆ ಟ್ಯಾಕ್ಸಿ ಅಂಬಾಸಿಡರುಗಳನ್ನೇ ರಿಪೇರಿ ಮಾಡುತ್ತಿದ್ದ ಒಬ್ಬ ಹಿರಿಯ ಮೇಸ್ತ್ರಿ. ಎಲ್ಲರೂ ಅವರನ್ನು ‘ಆಶಾನ್’ ಎನ್ನುತ್ತಾರೆ. ಕಾರು ಲಾರಿಯ ಮೇಲೆ ಇನ್ನೂರು ಕಿಲೋಮೀಟರ್ ದಕ್ಷಿಣಕ್ಕೆ ಹೋಯಿತು. ನಾವು ವಂಚಿನಾಡ್ ಎಕ್ಸ್‌ಪ್ರೆಸ್ಸಿನಲ್ಲಿ ಹಿಂಬಾಲಿಸಿದೆವು.

ಅಲ್ಲಿ ಮೊದಲ ದಿನವೇ ಜಗಳ. ಕಾರಿನ ಯಜಮಾನರು ಈಗಿನ ಕಾಲದ ಮನುಷ್ಯರು. ಉತ್ಸಾಹ ಹುಟ್ಟಿದ ಮೇಲೆ ಅದಕ್ಕೆ ತಡೆಯಿಲ್ಲ. ಅಪಘಾತಕ್ಕೊಳಗಾದ ಜಪಾನೀ ಕಾರೊಂದರ ಎಂಜಿನನ್ನೂ ಐದು ಗೇರಿನ ಪೆಟ್ಟಿಗೆಯನ್ನೂ ಕೂರಿಸಿ, ಏರ್ ಕಂಡಿಷನ್ ಹಾಕಿ ಹೊಸದು ಮಾಡಿಬಿಡಬೇಕೆಂದು ಅವರ ಹಟ. ಆಶಾನ್ ಕೈಯ ಎಣ್ಣೆ ಒರಸಿಕೊಳ್ಳುತ್ತ, “ಹಾಗಾದರೆ ಜಪಾನಿನ ಕಾರನ್ನೇ ತೆಗೆದುಕೊಳ್ಳಿ ಸಾರ್. ಇದನ್ನು ಯಾಕೆ ನನ್ನ ಹತ್ತಿರ ತಂದಿರಿ?” ಎಂದು ಮಲಯಾಳದಲ್ಲಿ ಕೇಳಿದರು.

ಈ ಜಗಳದಲ್ಲಿ ಕಾಯಿದೆಯೂ ಆಶಾನರ ಪಕ್ಷವೇ. ೨೦೨೧ರ ಜುಲೈಯಲ್ಲಿ ಕೇಂದ್ರ ಸರಕಾರವು ಹಳೆಯ ವಾಹನಗಳಿಗೆಂದೇ ನಿಯಮಗಳನ್ನು ಹೊರಡಿಸಿತು. ಮೊದಲ ನೋಂದಣಿಯಿಂದ ೫೦ ವರ್ಷ ಕಳೆದ, ಮೂಲ ರೂಪದಲ್ಲಿ ಕಾಪಾಡಿಕೊಂಡು ಬಂದ, ಚಾಸಿಸ್, ಬಾಡಿ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡು ಮಾಡದ ಗಾಡಿಗೆ ಮಾತ್ರ ‘ವಿಂಟೇಜ್’ ಎಂಬ ಮಾನ್ಯತೆ. ಹೊಸ ನೋಂದಣಿಯ ಶುಲ್ಕ ೨೦,೦೦೦ ರೂಪಾಯಿ. ಹತ್ತು ವರ್ಷದ ಬಳಿಕ ಮರುನೋಂದಣಿಗೆ ೫,೦೦೦. ನಂಬರಿನ ನಡುವೆ ‘ವಿ.ಎ.’ ಎಂಬ ಅಕ್ಷರಗಳು. ಹಳೆಯ ನೋಂದಣಿಯಿರುವ ಗಾಡಿಗೆ ಹಳೆಯ ನಂಬರೇ ಉಳಿಯುತ್ತದೆ. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ; ಪ್ರದರ್ಶನ, ರ‍್ಯಾಲಿ, ದುರಸ್ತಿ, ಪೆಟ್ರೋಲ್ ಇವುಗಳಿಗಾಗಿ ರಸ್ತೆಗೆ ತರಬಹುದು. ಇದಕ್ಕೂ ಮೊದಲು, ೨೦೧೯ರ ಜನವರಿಯಲ್ಲಿ, ಕೇರಳದಿಂದಲೇ ಹೋಗಿದ್ದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ತೀರ್ಪು ಕೊಟ್ಟಿತ್ತು. ಬಿಸ್ಕತ್ತಿನ ಡಬ್ಬಿಯ ಪುಸ್ತಕದ ಬೆಲೆ ಆಗ ಯಜಮಾನರಿಗೆ ಅರ್ಥವಾಯಿತು. ಜಪಾನೀ ಎಂಜಿನನ್ನು ಕೂರಿಸಿದ್ದರೆ ಆ ಪುಸ್ತಕವೂ ಗುಜರಿಯೇ.

ಹಾಗೆಂದು ಆಶಾನ್ ಹಳತನ್ನೆಲ್ಲ ಪೂಜಿಸುವವರಲ್ಲ. ನಮ್ಮ ಹೋಟೆಲಿನಲ್ಲಿ ರುಬ್ಬುವ ಕಲ್ಲಿಗೆ ಮೋಟಾರು ಬಂದ ದಿನವನ್ನು ನಾವು ಅವರಿಗೆ ನೆನಪಿಸಿದೆವು. ಕಲ್ಲು ಹೋಗಲಿಲ್ಲ, ತಿರುಗಿಸುವ ಕೈಗೆ ಮಾತ್ರ ಬಿಡುವು ಸಿಕ್ಕಿತು, ಇಡ್ಲಿ ಕೆಡಲಿಲ್ಲ. ಕಲ್ಲನ್ನೇ ತೆಗೆದು ಬ್ಲೇಡಿನ ಯಂತ್ರ ತಂದ ಹೋಟೆಲಿನ ಇಡ್ಲಿಯ ಕಥೆಯನ್ನು ನಮ್ಮ ವಾಚಕರೇ ಬಲ್ಲರು. ಆಶಾನ್ ನಕ್ಕು, “ಹಾಗಾದರೆ ಈ ಗಾಡಿಯಲ್ಲಿ ಕಲ್ಲು ಯಾವುದು, ಕೈ ಯಾವುದು ಎಂದು ತೋರಿಸುತ್ತೇನೆ ಬನ್ನಿ” ಎಂದು ನಮ್ಮನ್ನು ಗಾಡಿಯ ಸುತ್ತ ನಡೆಸಿದರು.

ಬ್ರೇಕು ಕೈಯ ಲೆಕ್ಕಕ್ಕೆ ಸೇರಿದ್ದು. ಮೊದಲ ಎಂ.ಜಿ.ಎ.ಗಳಿಗೆ ನಾಲ್ಕು ಚಕ್ರಕ್ಕೂ ಡ್ರಮ್ಮು, ಎಣ್ಣೆಯ ದಾರಿಯೂ ಒಂದೇ. ಎಲ್ಲಿ ಒಡೆದರೂ ನಾಲ್ಕೂ ಹೋದವು. ೧೯೫೯ರಲ್ಲಿ ಕಾರ್ಖಾನೆಯವರೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕು ಕೊಟ್ಟರು. ಅದನ್ನೇ ತರಿಸುವುದು ನ್ಯಾಯ. ವಿದ್ಯುತ್ತಿನ ಏರ್ಪಾಡೂ ಹಾಗೆಯೇ: ಆಸನದ ಹಿಂದೆ ಆರು ವೋಲ್ಟಿನ ಎರಡು ಬ್ಯಾಟರಿ, ಮಂದವಾದ ಡೈನಮೋ. ಒಂದು ಹನ್ನೆರಡು ವೋಲ್ಟಿನ ಬ್ಯಾಟರಿ, ಆಲ್ಟರ್ನೇಟರ್, ಸರಿಯಾದ ಫ್ಯೂಜುಗಳನ್ನು ಹಾಕಿದರೆ ಮಳೆಯ ರಾತ್ರಿಯಲ್ಲಿ ದೀಪ ಕೈಕೊಡುವುದಿಲ್ಲ. ಸೀಟ್ ಬೆಲ್ಟು ಮೊದಲಿನಿಂದಲೂ ಇರಲಿಲ್ಲ, ಅದನ್ನು ಹಾಕಲೇಬೇಕು. ವೈಟಿಲ ಜಂಕ್ಷನ್ನಿನಲ್ಲಿ ಅರ್ಧ ಗಂಟೆ ನಿಲ್ಲುವ ಪ್ರಸಂಗವನ್ನು ಇಂಗ್ಲೆಂಡಿನವರು ಊಹಿಸಿರಲಿಲ್ಲವಾದ್ದರಿಂದ ರೇಡಿಯೇಟರಿಗೆ ವಿದ್ಯುತ್ ಫ್ಯಾನೂ ಬೇಕು.

ಪೆಟ್ರೋಲಿನ ವಿಷಯ ಇನ್ನೂ ಸೂಕ್ಷ್ಮ. ಹಳೆಯ ಕಾಲದ ಪೆಟ್ರೋಲಿನಲ್ಲಿ ಸೀಸ ಬೆರೆತಿತ್ತು. ಅದು ವಾಲ್ವು ಕೂರುವ ಪೀಠವನ್ನು ಸವೆಯದಂತೆ ಕಾಯುತ್ತಿತ್ತು. ೨೦೦೦ದಲ್ಲಿ ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತುಹೋಯಿತು. ಈಗ ನೂರಕ್ಕೆ ೨೦ ಪಾಲಿನವರೆಗೆ ಎಥನಾಲ್ ಬೆರೆಯುತ್ತದೆ. ಅದು ಹಳೆಯ ರಬ್ಬರ್ ಕೊಳವೆಗಳನ್ನು ಮೆತ್ತಗೆ ಮಾಡಿ ಕರಗಿಸುತ್ತದೆ, ನೀರನ್ನು ಸೆಳೆದು ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಆದುದರಿಂದ ಸಿಲಿಂಡರ್ ಹೆಡ್ಡಿಗೆ ಗಟ್ಟಿ ಉಕ್ಕಿನ ವಾಲ್ವ್ ಸೀಟುಗಳು, ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಎಥನಾಲ್ ತಾಳುವ ಕೊಳವೆಗಳು. ಹೊರಗಿನಿಂದ ನೋಡಿದವನಿಗೆ ಇವುಗಳಲ್ಲಿ ಒಂದೂ ಕಾಣದು.

ಬಾಡಿಯ ಕೆಲಸವೇ ಅತ್ಯಂತ ಕಷ್ಟದ್ದೆಂದು ನಮಗೆ ತಿಳಿದದ್ದು ಎರಡನೆಯ ಭೇಟಿಯಲ್ಲಿ. ಬಾಗಿಲ ಕೆಳಗಿನ ಉದ್ದ ಪಟ್ಟಿಗಳು ಕೈಯಲ್ಲಿ ಹಿಡಿದರೆ ಪುಡಿಯಾಗುತ್ತಿದ್ದವು. ಅವುಗಳನ್ನು ಕತ್ತರಿಸುವ ಮೊದಲು ಬಾಗಿಲಿನ ತೆರಪಿಗೆ ಅಡ್ಡಡ್ಡ ಕಬ್ಬಿಣದ ಸಲಾಕೆಗಳನ್ನು ಬೆಸೆದು ಅಳತೆಯನ್ನು ಹಿಡಿದಿಡಬೇಕು. ಇಲ್ಲವಾದರೆ ಬಾಡಿ ಕುಸಿದು, ಮುಂದೆ ಜನ್ಮದಲ್ಲಿ ಬಾಗಿಲು ಕೂಡುವುದಿಲ್ಲ. ಬಾನೆಟ್ಟೂ ಡಿಕ್ಕಿಯ ಮುಚ್ಚಳವೂ ಅಲ್ಯುಮಿನಿಯಂ, ಸುತ್ತಲಿನದು ಉಕ್ಕು. ಎರಡು ಲೋಹ ತಾಗಿದಲ್ಲಿ ಸಮುದ್ರದ ಉಪ್ಪುಗಾಳಿ ಸೇರಿದರೆ ಅಲ್ಯುಮಿನಿಯಂ ಬೇಗನೆ ಬಿಳಿಯ ಹಿಟ್ಟಾಗುತ್ತದೆ. ಫೋರ್ಟ್ ಕೊಚ್ಚಿಯಲ್ಲಿ ಗಾಳಿಯೆಂದರೆ ಉಪ್ಪೇ ತಾನೆ! ತಿಂಗಳುಗಟ್ಟಲೆ ತಗಡು ಬಡಿದರೂ ಕಣ್ಣಿಗೆ ಕಾಣುವಂಥದು ಏನೂ ಆಗಿರುವುದಿಲ್ಲ. ಯಜಮಾನರ ಉತ್ಸಾಹವು ಒಮ್ಮೆ ಇಲ್ಲಿ ಪೂರ್ತಿ ಬತ್ತಿತ್ತು. ಮಾರಿಬಿಡುತ್ತೇನೆಂದು ಫೋನು ಮಾಡಿದರು. ಆಶಾನ್ ಎರಡು ದಿನ ಉತ್ತರ ಕೊಡದೆ ಕೆಲಸ ಮುಂದುವರಿಸಿದರಂತೆ. ಮೂರನೆಯ ದಿನ ಬಾಗಿಲೊಂದು ‘ಟಕ್’ ಎಂದು ಕೂಡಿದ ಸದ್ದನ್ನು ಫೋನಿನಲ್ಲೇ ಕೇಳಿಸಿದರು. ಅಷ್ಟಕ್ಕೆ ಮಾರಾಟದ ಮಾತು ನಿಂತಿತು.

ಕರಮನದ ಆ ಶೆಡ್ಡಿನಲ್ಲಿ ನಮಗೆ ಇನ್ನೊಂದು ಆಶ್ಚರ್ಯ ಕಾದಿತ್ತು. ಹಿಂದೆ ನಮ್ಮ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ ಬೈಂದೂರು ಕಡೆಯ ಹುಡುಗನೊಬ್ಬ ಅಲ್ಲಿ ಸ್ಪಾನರ್ ಹಿಡಿದು ನಿಂತಿದ್ದ. “ಧಣಿಗಳೇ, ನಿಮ್ಮ ಅಂಬಾಸಿಡರಿನ ಬಾನೆಟ್ಟು ಎತ್ತಿ ನೋಡುತ್ತಿದ್ದವನು ನಾನೇ ಅಲ್ಲವಾ” ಎಂದ. ನಮಗೆ ಆ ನೆನಪೇ ಇರಲಿಲ್ಲ. ಆಶಾನ್ ಅವನಿಗೆ ಕಲಿಸುತ್ತಿದ್ದುದು ಎರಡು ಕಾರ್ಬ್ಯುರೇಟರುಗಳನ್ನು ಹೊಂದಿಸುವ ವಿದ್ಯೆ. ಇದೇ ಬಗೆಯ ಬೇರೆ ಎಂಜಿನೊಂದನ್ನು ಬೆಂಚಿನ ಮೇಲೆ ಓಡಿಸಿ, ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೆ ಇಟ್ಟು, ಇನ್ನೊಂದನ್ನು ಮೊದಲ ಕಾರ್ಬ್ಯುರೇಟರಿನ ಬಾಯಿಗೆ ಹಿಡಿಯಬೇಕು; ಗಾಳಿ ಹೀರುವ ಸುಸ್ಸೆಂಬ ಸ್ವರವನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಎರಡನೆಯದಕ್ಕೆ ಹಿಡಿಯಬೇಕು; ಎರಡೂ ಒಂದೇ ಶ್ರುತಿಯಾಗುವವರೆಗೆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಬೇಕು. ಹುಡುಗನು ಕಣ್ಣು ಮುಚ್ಚಿ ಕೇಳುತ್ತಿದ್ದ. ಈಗಿನ ಕಾರುಗಳ ದೋಷವನ್ನು ಕಂಪ್ಯೂಟರ್ ಓದಿ ಹೇಳುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಸ್ವರವನ್ನು ಓದುವ ಕಂಪ್ಯೂಟರನ್ನು ಈ ಎಂಜಿನಿಗೆ ಸಿಕ್ಕಿಸಲು ತೂತೇ ಇಲ್ಲ. ಅಂಬಾಸಿಡರಿನ ಕಾಲದ ಕಿವಿಗಳು ಒಂದೊಂದಾಗಿ ನಿವೃತ್ತವಾಗುತ್ತಿವೆ. ಆಶಾನರಿಗೆ ಎಪ್ಪತ್ತು ದಾಟಿದೆ.

ಅದೇ ನಗರದ ಪಟ್ಟಂ ಅರಮನೆಯ ಉತ್ರಾಡಂ ತಿರುನಾಳ್ ಮಾರ್ತಾಂಡ ವರ್ಮರು ೧೯೫೦ರ ದಶಕದ ತಮ್ಮ ಮರ್ಸಿಡಿಸ್ ಬೆಂಜ್ ಕಾರನ್ನು ೨೦೧೩ರಲ್ಲಿ ತೀರಿಕೊಳ್ಳುವವರೆಗೂ ಬಿಟ್ಟುಕೊಡಲಿಲ್ಲ. ನಮ್ಮ ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತ ಹಳೆಯ ಕಾರುಗಳನ್ನು ವಾಚಕರು ಯಾತ್ರೆಯ ಕಾಲದಲ್ಲಿ ನೋಡಿರುತ್ತೀರಿ. ಅರಮನೆಗೂ ಕ್ಷೇತ್ರಕ್ಕೂ ಅನುಕೂಲವುಂಟು. ಹಿತ್ತಿಲ ಶೆಡ್ಡಿನ ಗಾಡಿಗೆ ಇರುವುದು ಇಂಥ ಒಂದೆರಡು ಕೈ ಮಾತ್ರ.

ಈಗ ಕೆಲಸ ಒಂದೆಡೆ ನಿಂತಿದೆ. ತುಂಬಿದ ನೀರಿನಿಂದ ಹಿಡಿದುಕೊಂಡಿದ್ದ ಎಂಜಿನನ್ನು, ಪ್ಲಗ್ಗಿನ ತೂತಿನಿಂದ ಡೀಸೆಲ್ ಎಣ್ಣೆ ಸುರಿದು ಎರಡು ವಾರ ಕಾದು, ಆಶಾನ್ ತಿರುಗಿಸಿದರು. ಆದರೆ ಬಿಚ್ಚಿ ನೋಡಿದರೆ ಕ್ರ್ಯಾಂಕ್ ಶಾಫ್ಟನ್ನು ಹಿಂದೆಯೇ ಮತ್ತೆ ಮತ್ತೆ ಅರೆದಿದ್ದಾರೆ. ಇನ್ನು ಅರೆಯಲು ಉಳಿದಿಲ್ಲ. ಹೊರದೇಶದಿಂದ ತರಿಸಿದರೆ ಸುಂಕ ಸೇರಿ ಯಜಮಾನರ ಕೈ ಮೀರುತ್ತದೆ. ೧,೪೮೯ರ ಹಳೆಯ ಪೆಟ್ರೋಲ್ ಅಂಬಾಸಿಡರಿನ ಎಂಜಿನೊಂದು ಸಿಕ್ಕಿದರೆ ಅಳೆದು ನೋಡಿ, ಹೊಂದುವುದನ್ನು ಹೊಂದಿಸಬಹುದೆಂದು ಆಶಾನರ ಅಭಿಪ್ರಾಯ. ನಾವು ೨೦೧೨ರಲ್ಲಿ ಗಾಡಿ ಕೊಟ್ಟ ಗುಜರಿಯಂಗಡಿಗೆ ಹೋಗಿ ವಿಚಾರಿಸಿದೆವು. ಆ ಜಾಗದಲ್ಲಿ ಈಗ ಮೊಬೈಲ್ ಫೋನಿನ ಅಂಗಡಿಯಿದೆ.

ಕೊಚ್ಚಿಯಿಂದ ತಿರುವನಂತಪುರದವರೆಗೆ ನಮ್ಮವರ ಹೋಟೆಲುಗಳ ಹಿಂಬದಿಯಲ್ಲಿ, ಸೌದೆಯ ರಾಶಿಯ ಪಕ್ಕದಲ್ಲಿ, ಹಳೆಯ ಕಂಪನಿಗಳ ಗೋದಾಮಿನ ಮೂಲೆಗಳಲ್ಲಿ ಇಂಥ ಗಾಡಿಗಳು ಇನ್ನೂ ಇರಬಹುದು. ಕಂಡ ವಾಚಕರು ಗುಜರಿಯವನಿಗೆ ಮಾತು ಕೊಡುವ ಮೊದಲು ನಮ್ಮ ಕಾರ್ಯಾಲಯಕ್ಕೆ ಒಂದು ಕಾರ್ಡು ಬರೆಯಬೇಕು. ಅಥವಾ ಸಾಯಂಕಾಲ ನಾಲ್ಕರ ಮೇಲೆ ಖುದ್ದಾಗಿ ಬಂದು ತಿಳಿಸಬಹುದು. ಎಂಜಿನಿನ ಬದಿಯಲ್ಲಿರುವ ನಂಬರನ್ನು ಬರೆದು ತಂದರೆ ಬೈಂದೂರಿನ ಹುಡುಗನು ಅದನ್ನು ನೋಡಿ ಹೇಳುತ್ತಾನೆ.